ಘಟ್ಟದ ಮೇಲಿನ ಕಸ, ಕಡಲ ತೀರದ ಖರ್ಚು: ಕಡಲ ಕಸ ನಿವಾರಣೆಯ ಸಂಶೋಧನೆಗೂ ಸಮುದಾಯ ಪ್ರಯತ್ನಗಳಿಗೂ ಹಣ ಒದಗಿಸುವ ಬಗೆ

ಪೀಠಿಕೆ

ಲೆಕ್ಕಪತ್ರ ಶಾಸ್ತ್ರದ ಮೊದಲ ಪಾಠ ಎಲ್ಲ ವರ್ತಕರಿಗೂ ತಿಳಿದದ್ದೇ. ಪ್ರತಿಯೊಂದು ವ್ಯವಹಾರಕ್ಕೂ ಎರಡು ಮುಖಗಳಿರುತ್ತವೆ. ಒಂದು ಕಡೆ ಜಮೆಯಾದದ್ದು ಇನ್ನೊಂದು ಕಡೆ ಖರ್ಚಾಗಿ ಬರೆಯಲ್ಪಡಲೇಬೇಕು. ಆದರೆ ಕಸದ ವಿಚಾರದಲ್ಲಿ ಈ ಸೂತ್ರವನ್ನು ನಾವು ಮರೆತಿದ್ದೇವೆ. ಮಲೆನಾಡಿನ ಅಂಗಡಿ, ತೋಟ, ಹೋಟೆಲುಗಳಲ್ಲಿ ಕಸ ವಿಲೇವಾರಿಗೆ ಹಣ ವ್ಯಯಿಸದೆ ಉಳಿಸಿದ ಮೊತ್ತ ಎಲ್ಲಿಯೂ ಮಾಯವಾಗುವುದಿಲ್ಲ. ಅದು ಮಳೆಗಾಲದ ನೀರಿನೊಂದಿಗೆ ಘಟ್ಟವಿಳಿದು ಕರಾವಳಿಯ ಮೀನುಗಾರನ ಬಲೆಯಲ್ಲಿ, ಕಡಲತೀರದ ಪಂಚಾಯಿತಿಯ ಆಯವ್ಯಯದಲ್ಲಿ ಖರ್ಚಾಗಿ ಕಾಣಿಸಿಕೊಳ್ಳುತ್ತದೆ.

ಕಡಲ ಕಸವೆಂದರೆ ಕರಾವಳಿಯವರ ಸಮಸ್ಯೆ ಎಂಬ ಭಾವನೆ ಸಾಮಾನ್ಯವಾಗಿದೆ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ವಾಣಿಜ್ಯೋದ್ಯಮಿಗಳೂ ಈ ಸಮಸ್ಯೆಯ ಪಾಲುದಾರರೇ ಎಂಬುದನ್ನು ತೋರಿಸಿ, ಪರಿಹಾರಕ್ಕೆ ಬೇಕಾದ ಹಣ ಎಲ್ಲೆಲ್ಲಿಂದ ದೊರೆಯಬಹುದು, ಅದನ್ನು ಯಾವ ಕ್ರಮದಲ್ಲಿ ವಿನಿಯೋಗಿಸಬೇಕು ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೂರು ತಾಲ್ಲೂಕುಗಳ ನೀರು ಸೇರುವುದೆಲ್ಲಿಗೆ?

ಹೊಸನಗರ ತಾಲ್ಲೂಕಿನ ಮಾಸ್ತಿಕಟ್ಟೆ ವಾರಾಹಿ ಜಲವಿದ್ಯುತ್ ಯೋಜನೆಯ ಮೂಲಕ ಹೆಸರಾದ ಊರು. ಸಮೀಪದಲ್ಲೇ ಮಾಣಿ ಅಣೆಕಟ್ಟೆಯಿದೆ. ಘಟ್ಟದ ಬುಡದ ಹೊಸಂಗಡಿಯಲ್ಲಿ ಕರ್ನಾಟಕ ವಿದ್ಯುತ್ ನಿಗಮದ 460 ಮೆಗಾವ್ಯಾಟ್ ಸಾಮರ್ಥ್ಯದ ಭೂಗರ್ಭ ವಿದ್ಯುದಾಗಾರವಿದೆ. ಕುಂಚಿಕಲ್ ಜಲಪಾತವೂ ಈ ವಾರಾಹಿ ನದಿಯದೇ. ಮಾಸ್ತಿಕಟ್ಟೆಯಿಂದ ಹುಲಿಕಲ್ಲು, ಬಾಳೆಬರೆ ಘಾಟಿಯ ಮೂಲಕ ಇಳಿಯುವ ರಸ್ತೆ ಹೊಸಂಗಡಿ, ಸಿದ್ದಾಪುರಗಳನ್ನು ದಾಟಿ ಕುಂದಾಪುರ ಸೇರುತ್ತದೆ. ನದಿಯೂ ಅದೇ ದಿಕ್ಕಿನಲ್ಲಿ ಸಾಗಿ ಸೌಪರ್ಣಿಕಾ, ಚಕ್ರಾ, ಕುಬ್ಜಾ, ಖೇಟಾ ನದಿಗಳೊಡನೆ ಪಂಚಗಂಗಾವಳಿಯಾಗಿ ಗಂಗೊಳ್ಳಿಯ ಅಳಿವೆಯಲ್ಲಿ ಅರಬ್ಬಿ ಸಮುದ್ರವನ್ನು ಸೇರುತ್ತದೆ. ನೇರ ರೇಖೆಯಲ್ಲಿ ಅಳೆದರೆ ಮಾಸ್ತಿಕಟ್ಟೆಗೂ ಕಡಲಿಗೂ ನಲವತ್ತು ಕಿಲೋಮೀಟರಿಗಿಂತ ಕಡಿಮೆ ಅಂತರ.

ಇನ್ನೊಂದು ನದಿ ಶರಾವತಿ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ ತಾಲ್ಲೂಕನ್ನು ಹಾದು, ಸಾಗರ ತಾಲ್ಲೂಕಿನ ಲಿಂಗನಮಕ್ಕಿಯಲ್ಲಿ ಸಂಗ್ರಹಗೊಂಡು, ಜೋಗದಲ್ಲಿ ಧುಮುಕಿ, ಹೊನ್ನಾವರದ ಬಳಿ ಕಡಲು ಸೇರುತ್ತದೆ. ಆ ಅಳಿವೆಯ ನೆರೆಯಲ್ಲೇ ಇರುವ ಕಾಸರಕೋಡು ಕಡಲತೀರ 2020ರಲ್ಲಿ ಉಡುಪಿ ಜಿಲ್ಲೆಯ ಪಡುಬಿದ್ರಿಯೊಂದಿಗೆ ಅಂತರರಾಷ್ಟ್ರೀಯ ‘ನೀಲಿ ಬಾವುಟ’ ಮಾನ್ಯತೆ ಪಡೆಯಿತು. ಮೂರನೆಯದು ತುಂಗೆ. ಅದು ಪೂರ್ವಾಭಿಮುಖವಾಗಿ ಹರಿದು ತುಂಗಭದ್ರೆಯಾಗಿ, ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಒಟ್ಟಿನಲ್ಲಿ ಈ ಮೂರು ತಾಲ್ಲೂಕುಗಳ ಚರಂಡಿಗಳಿಗೆ ಕೊನೆಯ ನಿಲ್ದಾಣ ಸಮುದ್ರವೇ. ಕೆಲವಕ್ಕೆ ಪಶ್ಚಿಮದ್ದು, ಕೆಲವಕ್ಕೆ ಪೂರ್ವದ್ದು.

ಅಣೆಕಟ್ಟೆಗಳಿರುವಾಗ ಕಸ ಅಲ್ಲಿಯೇ ನಿಲ್ಲುವುದಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಜಲಾಶಯಗಳು ತೇಲುವ ಕಸದ ಬಹುಭಾಗವನ್ನು ತಡೆಯಬಲ್ಲವು. ವಿದ್ಯುದಾಗಾರಗಳ ನೀರು ಸೇದುವ ಬಾಯಿಗಳಲ್ಲಿ ಕಸತಡೆ ಜಾಲರಿಗಳೂ ಇರುತ್ತವೆ. ಆದರೆ ಅಣೆಕಟ್ಟೆಯ ಕೆಳಗೆ ಸೇರುವ ಹಳ್ಳ ತೊರೆಗಳಿಗೆ, ಘಾಟಿ ರಸ್ತೆಯ ಇಕ್ಕೆಲಗಳಲ್ಲಿ ಪ್ರವಾಸಿಗರೂ ವಾಹನ ಸವಾರರೂ ಎಸೆಯುವ ಬಾಟಲಿ, ಪೊಟ್ಟಣಗಳಿಗೆ ಯಾವ ಅಡ್ಡಗಟ್ಟೆಯೂ ಇಲ್ಲ. ಹುಲಿಕಲ್ಲು ರಾಜ್ಯದಲ್ಲಿ ಅತಿ ಹೆಚ್ಚು ಮಳೆ ದಾಖಲಾಗುವ ಸ್ಥಳಗಳಲ್ಲೊಂದು. ಅಂಥ ಮಳೆಗೆ ಇಳಿಜಾರಿನಲ್ಲಿ ಬಿದ್ದ ಹಗುರವಾದ ಪ್ಲಾಸ್ಟಿಕ್ ನಿಲ್ಲುವುದು ಕಷ್ಟ. ಇನ್ನು ಜಲಾಶಯದಲ್ಲಿ ನಿಂತದ್ದೂ ಇಲ್ಲವಾದಂತಲ್ಲ. ಅದು ಬಿಸಿಲಿಗೆ ಒಡೆದು ಸೂಕ್ಷ್ಮ ಕಣಗಳಾಗಿ ಕೆಳಗಿಳಿಯುವ ಸಾಧ್ಯತೆಯಿದೆ. ಎಷ್ಟು ನಿಲ್ಲುತ್ತದೆ, ಎಷ್ಟು ಇಳಿಯುತ್ತದೆ ಎಂಬುದನ್ನು ಅಳೆದೇ ತಿಳಿಯಬೇಕು. ಸಂಶೋಧನೆಗೆ ಹಣ ಬೇಕೆನ್ನುವುದು ಈ ಕಾರಣಕ್ಕೆ.

ವಿಜ್ಞಾನ ಹೇಳುವುದೇನು?

ಜಗತ್ತಿನ ಕಡಲಿಗೆ ಸೇರುವ ಪ್ಲಾಸ್ಟಿಕ್ಕನ್ನು ಮೊದಲ ಬಾರಿಗೆ ವ್ಯಾಪಕವಾಗಿ ಅಂದಾಜು ಮಾಡಿದ ಅಧ್ಯಯನ 2015ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 2010ರ ಒಂದೇ ವರ್ಷದಲ್ಲಿ ತೀರಪ್ರದೇಶದ ರಾಷ್ಟ್ರಗಳಿಂದ 48 ಲಕ್ಷದಿಂದ 127 ಲಕ್ಷ ಟನ್ ಪ್ಲಾಸ್ಟಿಕ್ ಕಡಲು ಸೇರಿರಬಹುದೆಂದು ಅದು ಲೆಕ್ಕ ಹಾಕಿತು. ಕೆಲವೇ ಮಹಾನದಿಗಳು ಈ ಕಸದ ಬಹುಪಾಲನ್ನು ಸಾಗಿಸುತ್ತವೆ ಎಂಬ ಅಭಿಪ್ರಾಯ ಬಹುಕಾಲ ಪ್ರಚಲಿತವಾಗಿತ್ತು. 2021ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ ಈ ಅಭಿಪ್ರಾಯವನ್ನು ಬದಲಿಸಿತು. ನದಿಗಳ ಮೂಲಕ ಸಾಗುವ ಪ್ಲಾಸ್ಟಿಕ್ಕಿನ ಶೇಕಡಾ 80ರಷ್ಟನ್ನು ಒಯ್ಯುವುದು ಸಾವಿರಕ್ಕೂ ಮಿಕ್ಕ ನದಿಗಳು. ಅವುಗಳಲ್ಲಿ ಸಣ್ಣ ನದಿಗಳದ್ದೇ ದೊಡ್ಡ ಪಾತ್ರ ಎಂಬುದು ಅದರ ನಿರ್ಣಯ. ಕಸ ಬಿದ್ದ ಜಾಗದಿಂದ ನದಿಗೂ ಕಡಲಿಗೂ ಇರುವ ದೂರ, ಮಳೆಯ ಪ್ರಮಾಣ, ನೆಲದ ಇಳಿಜಾರು, ಭೂಬಳಕೆ ಇವೇ ನಿರ್ಣಾಯಕ ಅಂಶಗಳೆಂದು ಅದು ಗುರುತಿಸಿತು. ಕಡಿಮೆ ದೂರ, ಕಡಿದಾದ ಇಳಿಜಾರು, ಅತಿವೃಷ್ಟಿ ಈ ಮೂರೂ ಒಂದೆಡೆ ಕೂಡಿರುವುದು ಪಶ್ಚಿಮ ಘಟ್ಟದ ನದಿಗಳ ಲಕ್ಷಣ. ವಾರಾಹಿಯಂಥ ಕಿರುನದಿಯನ್ನು ಲೆಕ್ಕಕ್ಕೆ ಹಿಡಿಯದೆ ಬಿಡುವಂತಿಲ್ಲ.

ಭಾರತದ ಕಡಲತೀರಗಳ ಕಸವನ್ನು ಕುರಿತು ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ನಡೆಸಿ 2017ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಕಸದ ಸರಾಸರಿ ಪ್ರಮಾಣದಲ್ಲಿ ಗೋವಾ ಮೊದಲ ಸ್ಥಾನದಲ್ಲಿಯೂ ಕರ್ನಾಟಕ ಅದರ ಮರುಸ್ಥಾನದಲ್ಲಿಯೂ ಇದ್ದವು. ಸುಮಾರು 320 ಕಿಲೋಮೀಟರ್ ಉದ್ದದ ಕರಾವಳಿಯುಳ್ಳ ನಮ್ಮ ರಾಜ್ಯಕ್ಕೆ ಇದು ಗೌರವದ ಸ್ಥಾನವಲ್ಲ.

ಮಲೆನಾಡಿನ ಕಸದ ವಿಶೇಷ

ಪಟ್ಟಣದ ಕಸಕ್ಕೂ ಮಲೆನಾಡಿನ ಕಸಕ್ಕೂ ವ್ಯತ್ಯಾಸವಿದೆ. ನಮ್ಮಲ್ಲಿ ಮನೆಗಳು ಒಂಟಿ ಒಂಟಿಯಾಗಿ ಹರಡಿಕೊಂಡಿವೆ. ಸಂಗ್ರಹಣಾ ವಾಹನ ಹತ್ತು ಮನೆ ತಲುಪಲು ಹಲವು ಕಿಲೋಮೀಟರ್ ಓಡಬೇಕು. ಹಸಿ ಕಸ ಹೆಚ್ಚಾಗಿ ಗೊಬ್ಬರದ ಗುಂಡಿ ಸೇರುವುದರಿಂದ ಉಳಿಯುವುದು ಒಣ ಕಸ ಮಾತ್ರ. ಅದರಲ್ಲಿ ತೋಟಗಾರಿಕೆಯ ಪಾಲು ಗಣನೀಯ.

ಅಡಿಕೆಗೆ ಕೊಳೆರೋಗ ತಗಲದಂತೆ ಮಳೆಗಾಲದ ಮುನ್ನ ಕೊನೆಗಳಿಗೆ ಕೊಟ್ಟೆ ಕಟ್ಟುವ ಪದ್ಧತಿ ಹಳೆಯದು. ಹಿಂದೆ ಹುಲ್ಲು, ಹಾಳೆಗಳ ಕೊಟ್ಟೆಯಿತ್ತು. ಅದು ಮಣ್ಣಿಗೆ ಮರಳುತ್ತಿತ್ತು. ಕ್ರಮೇಣ ಅದರ ಜಾಗಕ್ಕೆ ತೆಳು ಪಾಲಿಥೀನ್ ಹೊದಿಕೆ ಬಂದಿತು. ಬೋರ್ಡೋ ದ್ರಾವಣ ಸಿಂಪಡಿಸುವವರೇ ಹೆಚ್ಚಾದರೂ ಪ್ಲಾಸ್ಟಿಕ್ ಕೊಟ್ಟೆಯ ಬಳಕೆ ಕಡೆಯಾಗಿಲ್ಲ. ಇದರ ಜತೆಗೆ ಗೊಬ್ಬರದ ಚೀಲ, ಔಷಧಿ ಡಬ್ಬಿ, ಸಸಿ ಬೆಳೆಸುವ ಚೀಲ, ಅಡಿಕೆ ಒಣಗಿಸುವ ಹಾಗೂ ಮುಚ್ಚುವ ಶೀಟುಗಳು, ಹರಿದ ಟಾರ್ಪಾಲುಗಳು ಸೇರುತ್ತವೆ. ಇವು ಯಾವುವೂ ಗ್ರಾಮ ಪಂಚಾಯಿತಿಯ ಕಸದ ಬುಟ್ಟಿಗೆ ಹೊಂದುವ ವಸ್ತುಗಳಲ್ಲ. ಇವನ್ನು ಮಾರುವವರೂ ಕೊಳ್ಳುವವರೂ ನಮ್ಮ ವಾಣಿಜ್ಯ ವಲಯದವರೇ ಆದುದರಿಂದ ಮರಳಿ ಪಡೆಯುವ ವ್ಯವಸ್ಥೆಯನ್ನೂ ಇದೇ ವಲಯ ರೂಪಿಸುವುದು ಸುಲಭ.

ಖರ್ಚು ಯಾರ ತಲೆಯ ಮೇಲೆ?

ಅಳಿವೆಯಲ್ಲಿ ಬಂದು ನಿಲ್ಲುವ ಕಸದಿಂದ ಮೂರು ವರ್ಗದವರಿಗೆ ನಷ್ಟವುಂಟು. ಬಲೆಗೆ ಮೀನಿನೊಂದಿಗೆ ಪ್ಲಾಸ್ಟಿಕ್ ಸಿಕ್ಕಾಗ ಬೇರ್ಪಡಿಸುವ ಶ್ರಮ, ಹರಿದ ಬಲೆ, ದೋಣಿಯ ಚಕ್ರಕ್ಕೆ ಸುತ್ತಿಕೊಂಡ ಹಗ್ಗ ಇವೆಲ್ಲ ಮೀನುಗಾರನ ಖಾತೆಗೆ. ಕಾಂಡ್ಲ ಗಿಡಗಳ ಉಸಿರುಬೇರುಗಳಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಹಾಳೆ ಮೀನಿನ ಮರಿಗಳ ಆಶ್ರಯತಾಣವನ್ನೇ ಕೆಡಿಸುತ್ತದೆ. ಪ್ರವಾಸೋದ್ಯಮದ ಹಾನಿ ಹೋಟೆಲು, ವಸತಿಗೃಹಗಳದ್ದು. ಕೊನೆಗೆ ತೀರವನ್ನು ಗುಡಿಸುವ ವೆಚ್ಚ ಕರಾವಳಿಯ ಸ್ಥಳೀಯ ಸಂಸ್ಥೆಗಳದ್ದು. ಈ ಮೂವರಲ್ಲಿ ಯಾರೂ ಘಟ್ಟದ ಮೇಲೆ ಕಸ ಎಸೆದವರಲ್ಲ. ಮಾಲಿನ್ಯ ಮಾಡಿದವನೇ ಭರಿಸಬೇಕೆಂಬ ತತ್ವವನ್ನು ನಮ್ಮ ಸರ್ವೋಚ್ಚ ನ್ಯಾಯಾಲಯವೂ 1996ರಲ್ಲಿ ಎತ್ತಿಹಿಡಿದಿದೆ. ಹಣಕಾಸಿನ ಯೋಜನೆ ಆ ತತ್ವದಿಂದ ಆರಂಭವಾಗುವುದು ಉಚಿತ.

ಹಣದ ಮೂಲಗಳು

1. ಕಂಪೆನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿ: 2013ರ ಕಂಪೆನಿ ಕಾಯಿದೆಯ 135ನೇ ಕಲಮು 2014ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ಅದರ ವ್ಯಾಪ್ತಿಗೆ ಬರುವ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡಾ 2ರಷ್ಟನ್ನು ಸಮಾಜದ ಕಾರ್ಯಗಳಿಗೆ ವಿನಿಯೋಗಿಸಬೇಕು. ಉದಾಹರಣೆಗೆ ಒಂದು ಕಂಪೆನಿಯ ಮೂರು ವರ್ಷಗಳ ಲಾಭ ಕ್ರಮವಾಗಿ 10, 12, 14 ಕೋಟಿ ರೂ. ಎಂದಿಟ್ಟುಕೊಂಡರೆ ಸರಾಸರಿ 12 ಕೋಟಿ. ಶೇಕಡಾ 2ರಂತೆ 24 ಲಕ್ಷ ರೂ. ಆಗುತ್ತದೆ. ಪರಿಸರ ಸಂರಕ್ಷಣೆ ಏಳನೇ ಅನುಸೂಚಿಯಲ್ಲಿ ಸೇರಿದೆ. ಸಾರ್ವಜನಿಕ ಅನುದಾನಿತ ವಿಶ್ವವಿದ್ಯಾಲಯಗಳು ಹಾಗೂ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನಂಥ ಸಂಸ್ಥೆಗಳ ಸಂಶೋಧನೆಗೆ ನೀಡುವ ಹಣವೂ ಇದರಲ್ಲಿ ಸಲ್ಲುತ್ತದೆ. ಕಂಪೆನಿ ಕಾರ್ಯನಿರ್ವಹಿಸುವ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ನೀಡಬೇಕೆಂಬ ಸೂಚನೆಯೂ ಕಾಯಿದೆಯಲ್ಲಿದೆ.

ಮೂರು ಎಚ್ಚರಿಕೆಗಳು ಅಗತ್ಯ. ಒಂದು ದಿನದ ಓಟ, ಜಾಹೀರಾತು, ಬಹುಮಾನ ಸಮಾರಂಭಗಳಂಥ ಬಿಡಿ ಕಾರ್ಯಕ್ರಮಗಳನ್ನು ಈ ವೆಚ್ಚದಲ್ಲಿ ಸೇರಿಸಲಾಗದೆಂದು ಕೇಂದ್ರ ಸರ್ಕಾರ 2014ರಲ್ಲೇ ಸ್ಪಷ್ಟಪಡಿಸಿದೆ. ಆದುದರಿಂದ ಒಂದು ಭಾನುವಾರದ ತೀರಶುದ್ಧಿ ಮಾತ್ರ ಸಾಲದು, ಅದು ದೀರ್ಘ ಯೋಜನೆಯ ಭಾಗವಾಗಿರಬೇಕು. ಎರಡನೆಯದಾಗಿ, ಬೇರೆ ಕಾನೂನಿನ ಮೇರೆಗೆ ಕಡ್ಡಾಯವಾದ ಕರ್ತವ್ಯದ ವೆಚ್ಚವನ್ನು ಇಲ್ಲಿ ತೋರಿಸುವಂತಿಲ್ಲ. ಮೂರನೆಯದಾಗಿ, ಹಣ ಪಡೆಯುವ ಸಂಘ ಸಂಸ್ಥೆ 2021ರ ನಿಯಮಗಳ ಪ್ರಕಾರ ಕಂಪೆನಿ ವ್ಯವಹಾರಗಳ ಸಚಿವಾಲಯದಲ್ಲಿ ನೋಂದಣಿಯಾಗಿರಬೇಕು.

2. ಉತ್ಪಾದಕರ ವಿಸ್ತೃತ ಹೊಣೆಗಾರಿಕೆ: 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳಿಗೆ 2022ರ ಫೆಬ್ರವರಿಯಲ್ಲಿ ಸೇರಿದ ಮಾರ್ಗಸೂಚಿಯ ಮೇರೆಗೆ, ಪ್ಲಾಸ್ಟಿಕ್ ಹೊದಿಕೆಯ ಉತ್ಪಾದಕರು, ಆಮದುದಾರರು ಹಾಗೂ ಬ್ರಾಂಡ್ ಮಾಲೀಕರು ತಮ್ಮ ಪಾಲಿನ ಪ್ಲಾಸ್ಟಿಕ್ಕಿನ ಸಂಸ್ಕರಣೆಗೆ ಹೊಣೆಗಾರರು. ಸಣ್ಣ ಘಟಕಗಳಿಗೆ ಕೆಲವು ವಿನಾಯಿತಿಗಳಿವೆ. ನೋಂದಾಯಿತ ಮರುಬಳಕೆದಾರರು ಪಡೆಯುವ ಪ್ರಮಾಣಪತ್ರಗಳನ್ನು ಕಂಪೆನಿಗಳು ಖರೀದಿಸುತ್ತವೆ. ಮಲೆನಾಡಿನ ಒಣ ಕಸ ಬೇರ್ಪಟ್ಟು, ತೂಗಿ, ದಾಖಲೆಯಾಗಿ ಅಂಥ ಮರುಬಳಕೆದಾರನನ್ನು ತಲುಪಿದರೆ ಮಾತ್ರ ಈ ಹಣದ ಒಂದಂಶ ಹಳ್ಳಿಗೆ ಮರಳಬಹುದು. ಬೆರಕೆಯಾಗಿ ಕೆಸರು ಮೆತ್ತಿದ ಕಸಕ್ಕೆ ಬೆಲೆಯಿಲ್ಲ.

3. ಪಂಚಾಯಿತಿಗಳ ಅನುದಾನ: 2020-21ರಲ್ಲಿ ಆರಂಭವಾದ ಸ್ವಚ್ಛ ಭಾರತ ಗ್ರಾಮೀಣ ಅಭಿಯಾನದ ಎರಡನೇ ಹಂತದಲ್ಲಿ 5000 ಜನಸಂಖ್ಯೆಯವರೆಗಿನ ಗ್ರಾಮಕ್ಕೆ ಘನತ್ಯಾಜ್ಯಕ್ಕಾಗಿ ತಲಾ 60 ರೂ., ಪ್ರತಿ ಬ್ಲಾಕಿಗೆ ಪ್ಲಾಸ್ಟಿಕ್ ತ್ಯಾಜ್ಯ ಘಟಕಕ್ಕಾಗಿ 16 ಲಕ್ಷ ರೂ. ವರೆಗೆ ನೆರವಿನ ಮಿತಿ ನಿಗದಿಯಾಯಿತು. 2000 ಜನರ ಗ್ರಾಮಕ್ಕೆ ಇದು ಕೇವಲ 1,20,000 ರೂ. ಆಯಿತು. ಒಂದು ಶೆಡ್ಡಿಗೆ, ತಳ್ಳುಗಾಡಿಗೆ ಇದು ನೆರವಾದೀತು. ಪ್ರತಿ ತಿಂಗಳ ಇಂಧನ, ಕೂಲಿಗಳಿಗೆ ಬೇರೆ ಆದಾಯ ಬೇಕು. ಕಟ್ಟಡಕ್ಕೆ ಹಣ ಸಿಗುತ್ತದೆ, ನಡೆಸಲು ಸಿಗುವುದಿಲ್ಲ ಎಂಬುದೇ ಗ್ರಾಮೀಣ ಘಟಕಗಳ ಸಾಮಾನ್ಯ ಕೊರತೆ. ವರ್ತಕರ ವಂತಿಗೆ ಹೆಚ್ಚು ಉಪಯುಕ್ತವಾಗುವುದು ಈ ಕೊರತೆಯ ಜಾಗದಲ್ಲಿ.

4. ವಿಶ್ವಬ್ಯಾಂಕಿನ ನೆರವು: ಕರ್ನಾಟಕ ಮತ್ತು ತಮಿಳುನಾಡುಗಳ ಕರಾವಳಿಗಾಗಿ 21 ಕೋಟಿ ಡಾಲರಿಗೂ ಮಿಕ್ಕ ನೆರವನ್ನು ವಿಶ್ವಬ್ಯಾಂಕ್ 2025ರಲ್ಲಿ ಮಂಜೂರು ಮಾಡಿತು. ‘ಕೆ-ಶೋರ್’ ಎಂದು ಕರೆಯಲ್ಪಡುವ ನಮ್ಮ ರಾಜ್ಯದ ಯೋಜನೆಯ ಗಾತ್ರ ಸುಮಾರು 840 ಕೋಟಿ ರೂ. ಪ್ಲಾಸ್ಟಿಕ್ ಮಾಲಿನ್ಯ ತಗ್ಗಿಸುವುದೂ ಅದರ ಉದ್ದೇಶಗಳಲ್ಲೊಂದು. ಹೆಸರೇ ಸೂಚಿಸುವಂತೆ ಅದು ತೀರದ ಯೋಜನೆ. ನದಿಯ ಮೇಲ್ಭಾಗದ ತಾಲ್ಲೂಕುಗಳನ್ನೂ ಕಸ ತಡೆಯುವ ಕಾರ್ಯದಲ್ಲಿ ಸೇರಿಸಿಕೊಳ್ಳಬೇಕೆಂದು ದಾಖಲೆ ಸಹಿತ ಕೇಳುವುದು ವಾಣಿಜ್ಯ ಸಂಸ್ಥೆಗಳಿಗೆ ಸೂಕ್ತವಾದ ಕಾರ್ಯ.

ಇತರೆಡೆಯ ಅನುಭವಗಳು

ಅಮೆರಿಕದಲ್ಲಿ 1966ರಲ್ಲಿ ಆರಂಭವಾದ ‘ಸೀ ಗ್ರ್ಯಾಂಟ್’ ವ್ಯವಸ್ಥೆ ವಿಶ್ವವಿದ್ಯಾಲಯಗಳ ಸಂಶೋಧನೆಯನ್ನು ತೀರದ ಜನರ ಕೆಲಸದೊಂದಿಗೆ ಜೋಡಿಸುತ್ತದೆ. 2006ರ ಕಡಲ ಕಸ ಕಾಯಿದೆ ಅಲ್ಲಿ ಪ್ರತ್ಯೇಕ ಅನುದಾನ ವ್ಯವಸ್ಥೆಯನ್ನು ಕಾನೂನಿನ ನೆಲೆಯಲ್ಲಿ ನಿಲ್ಲಿಸಿತು. 2021ರ ಮೂಲಸೌಕರ್ಯ ಕಾಯಿದೆಯಲ್ಲಿ ಕಡಲ ಕಸಕ್ಕೆಂದೇ ಐದು ವರ್ಷಗಳಿಗೆ 20 ಕೋಟಿ ಡಾಲರ್ ಮೀಸಲಾಯಿತು. ಆ ಪದ್ಧತಿಯ ತಿರುಳು ಸಮಪಾಲು ವಂತಿಗೆ. ಅನುದಾನ ಪಡೆಯುವವರು ಸಾಮಾನ್ಯವಾಗಿ ತಮ್ಮ ಪಾಲನ್ನು ಹಣವಾಗಿಯೋ, ಶ್ರಮ ಅಥವಾ ಸಾಮಗ್ರಿಯಾಗಿಯೋ ಸೇರಿಸಬೇಕು. ಸ್ವಯಂಸೇವಕರ ದುಡಿಮೆಗೂ ಬೆಲೆ ಕಟ್ಟಿ ಲೆಕ್ಕಕ್ಕೆ ಹಿಡಿಯುವುದರಿಂದ ಬಡ ಸಂಘಗಳೂ ಅರ್ಹತೆ ಪಡೆಯುತ್ತವೆ.

ಅದೇ ದೇಶದ ಬಾಲ್ಟಿಮೋರ್ ಬಂದರಿನಲ್ಲಿ 2014ರಿಂದ ನದೀಮುಖದಲ್ಲೇ ನೀರುಚಕ್ರದಿಂದಲೂ ಸೌರಶಕ್ತಿಯಿಂದಲೂ ನಡೆಯುವ ಕಸ ಹಿಡಿಯುವ ಯಂತ್ರವಿದೆ. ಅದನ್ನು ಮುನ್ನಡೆಸುತ್ತಿರುವುದು ಬಂದರು ಪ್ರದೇಶದ ವ್ಯಾಪಾರ ಹಾಗೂ ಆಸ್ತಿ ಮಾಲೀಕರ ಬೆಂಬಲದಿಂದ ರೂಪುಗೊಂಡ ಸಂಸ್ಥೆ ಎಂಬುದು ನಮಗೆ ಗಮನಾರ್ಹ.

ಹತ್ತಿರದ ಉದಾಹರಣೆ ಕೇರಳದ ಕೊಲ್ಲಂ ಜಿಲ್ಲೆಯ ನೀಂಡಕರದ್ದು. 2017ರಲ್ಲಿ ಅಲ್ಲಿ ಆರಂಭವಾದ ‘ಶುಚಿತ್ವ ಸಾಗರಂ’ ಯೋಜನೆಯಲ್ಲಿ ಬಲೆಗೆ ಸಿಕ್ಕ ಪ್ಲಾಸ್ಟಿಕ್ಕನ್ನು ಮೀನುಗಾರರು ಮರಳಿ ಕಡಲಿಗೆ ಎಸೆಯದೆ ದಡಕ್ಕೆ ತಂದರು. ಸ್ಥಳೀಯ ಮಹಿಳೆಯರು ಅದನ್ನು ತೊಳೆದು ಬೇರ್ಪಡಿಸಿದರು. ಪುಡಿ ಮಾಡಿದ ಪ್ಲಾಸ್ಟಿಕ್ ರಸ್ತೆಯ ಡಾಂಬರಿಗೆ ಬಳಕೆಯಾಯಿತು.

ನಮ್ಮ ರಾಜ್ಯದಲ್ಲಿ ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ 2021ರಲ್ಲಿ ದಿನಕ್ಕೆ 10 ಟನ್ ಸಾಮರ್ಥ್ಯದ ಒಣ ಕಸ ವಿಂಗಡಣಾ ಘಟಕ ಆರಂಭವಾಯಿತು. ಒಂದೊಂದು ಪಂಚಾಯಿತಿಯ ಕಸ ಲಾಭಕರವಾಗಲಾರದು. ಹಲವಾರು ಪಂಚಾಯಿತಿಗಳ ಕಸವನ್ನು ಒಂದೆಡೆ ಸೇರಿಸಿದಾಗ ಮಾತ್ರ ಯಂತ್ರ, ಸಾಗಣೆ, ಮಾರಾಟಗಳ ಲೆಕ್ಕ ಸರಿಹೊಂದುತ್ತದೆಂಬುದು ಅದರ ಪಾಠ.

ನಮಗೊಪ್ಪುವ ಕಾರ್ಯಕ್ರಮ

ಮೇಲಿನ ವಿವೇಚನೆಯಿಂದ ಐದು ಹೆಜ್ಜೆಗಳ ಕಾರ್ಯಕ್ರಮವನ್ನು ಸೂಚಿಸಬಹುದು.

ಮೊದಲನೆಯದು ಅಳತೆ. ಮಾಸ್ತಿಕಟ್ಟೆ, ಹೊಸಂಗಡಿ, ಗಂಗೊಳ್ಳಿ ಈ ಮೂರು ಕಡೆ ಒಂದೇ ವಿಧಾನದಲ್ಲಿ ಮಳೆಗಾಲದ ಮುನ್ನ, ಮಧ್ಯೆ, ಅನಂತರ ಕಸವನ್ನು ಎಣಿಸಿ, ತೂಗಿ, ವಿಧಗಳನ್ನು ದಾಖಲಿಸಬೇಕು. ಮಂಗಳೂರಿನ ಮೀನುಗಾರಿಕಾ ಕಾಲೇಜು, ಕುವೆಂಪು ವಿಶ್ವವಿದ್ಯಾಲಯದಂಥ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಶಿಷ್ಯವೇತನ ನೀಡಿದರೆ ಮಿತವ್ಯಯದಲ್ಲಿ ಈ ಕೆಲಸ ಸಾಧ್ಯ.

ಎರಡನೆಯದು ಬದಲಿಯ ಶೋಧ. ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿರುವ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ನೆರವಿನಿಂದ ಪ್ಲಾಸ್ಟಿಕ್ ಕೊಟ್ಟೆಗೆ ಬದಲಾಗಿ ಮಣ್ಣಿಗೆ ಮರಳುವ ಹೊದಿಕೆಯ ಪ್ರಯೋಗ ನಡೆಸಬೇಕು. ಕೊಳೆರೋಗದಿಂದ ಬೆಳೆ ಕಳೆದುಕೊಂಡ ರೈತನಿಗೆ ಪರಿಸರದ ಉಪದೇಶ ರುಚಿಸದು. ಅಷ್ಟೇ ರಕ್ಷಣೆ, ಅಷ್ಟೇ ಬೆಲೆ ಎಂದು ತೋರಿಸಬೇಕು.

ಮೂರನೆಯದು ಮರಳಿ ಪಡೆಯುವುದು. ಗೊಬ್ಬರ, ಔಷಧಿ, ಶೀಟು ಮಾರುವ ಅಂಗಡಿಗಳೂ ಅಡಿಕೆ ಸಹಕಾರ ಸಂಘಗಳೂ ವರ್ಷಕ್ಕೆರಡು ಬಾರಿ ಹಳೆಯ ಪ್ಲಾಸ್ಟಿಕ್ಕನ್ನು ತೂಕದ ಮೇಲೆ ಸ್ವೀಕರಿಸಲಿ. ವಿಷದ ಡಬ್ಬಿಗಳನ್ನು ಮಾತ್ರ ಬೇರೆಯಾಗಿಯೇ ಇಡಬೇಕು.

ನಾಲ್ಕನೆಯದು ನಿರ್ವಹಣೆ. ಸಂಜೀವಿನಿ ಒಕ್ಕೂಟಗಳ ಮಹಿಳೆಯರು ಅನೇಕ ಪಂಚಾಯಿತಿಗಳಲ್ಲಿ ಕಸದ ವಾಹನ ನಡೆಸುತ್ತಿದ್ದಾರೆ. ಅವರ ಮಾಸಿಕ ವೆಚ್ಚದ ಕೊರತೆಯನ್ನು ವರ್ತಕ ಸಂಘ ಕನಿಷ್ಠ ಮೂರು ವರ್ಷ ತುಂಬುವ ಕರಾರು ಮಾಡಿಕೊಳ್ಳಬೇಕು.

ಐದನೆಯದು ಕಾಲದ ಹೊಂದಾಣಿಕೆ. ರಾಜ್ಯದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಕಾಲ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ನದಿಗಳು ಕಸ ಹೊತ್ತು ಇಳಿಯುವುದೂ ಅದೇ ದಿನಗಳಲ್ಲಿ. ದುಡಿಮೆಯಿಲ್ಲದ ಮೀನುಗಾರ ಕುಟುಂಬಗಳಿಗೆ ಅಳಿವೆಯ ಶಾಂತ ಜಾಗಗಳಲ್ಲಿ ತೇಲುತಡೆ ಹಾಕಿ ಕಸ ಎತ್ತುವ ಕೂಲಿ ನೀಡಿದರೆ ಒಂದೇ ಹಣದಿಂದ ಎರಡು ಪ್ರಯೋಜನ. ನೆರೆಯ ರಭಸವಿರುವಲ್ಲಿ ಮಾತ್ರ ಈ ಸಾಹಸ ಸಲ್ಲದು.

ಈ ಐದಕ್ಕೂ ಸಂಗ್ರಹವಾಗುವ ಹಣ ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿರಬೇಕು. ಪ್ರತಿವರ್ಷ ಲೆಕ್ಕಪರಿಶೋಧನೆಯ ವರದಿಯ ಜತೆಗೆ ಕಸದ ತೂಕದ ವರದಿಯೂ ಪ್ರಕಟವಾಗಬೇಕು. ಎಷ್ಟು ರೂಪಾಯಿಗೆ ಎಷ್ಟು ಕಿಲೋ ಕಸ ನದಿಗೆ ಬೀಳದಂತೆ ತಡೆಯಲಾಯಿತು ಎಂಬ ಲೆಕ್ಕವೇ ಯೋಜನೆಯ ಯಶಸ್ಸಿನ ಅಳತೆ, ಸಮಾರಂಭದ ಭಾವಚಿತ್ರಗಳಲ್ಲ.

ಉಪಸಂಹಾರ

ಪ್ಲಾಸ್ಟಿಕ್ ಮಾಲಿನ್ಯದ ಬಗ್ಗೆ ಜಾಗತಿಕ ಒಪ್ಪಂದ ರೂಪಿಸಲು ವಿಶ್ವಸಂಸ್ಥೆ 2022ರಲ್ಲಿ ನಿರ್ಣಯಿಸಿತು. 2025ರ ಆಗಸ್ಟಿನಲ್ಲಿ ಜಿನೀವಾದಲ್ಲಿ ನಡೆದ ಸಭೆಯೂ ಒಮ್ಮತವಿಲ್ಲದೆ ಮುಗಿಯಿತು. ರಾಷ್ಟ್ರಗಳು ಒಪ್ಪುವವರೆಗೆ ವಾರಾಹಿಯ ನೀರು ಕಾಯುವುದಿಲ್ಲ. ಕಸ ಬಿದ್ದ ಜಾಗದಲ್ಲೇ ಅದನ್ನು ಎತ್ತುವುದು ಅಗ್ಗ. ಹಳ್ಳಕ್ಕೆ ಇಳಿದ ಮೇಲೆ ದುಬಾರಿ. ಕಡಲಿಗೆ ಸೇರಿದ ಮೇಲೆ ಬಹುಪಾಲು ಅಸಾಧ್ಯ. ವ್ಯಾಪಾರದಲ್ಲಿ ಸಕಾಲಕ್ಕೆ ತೀರಿಸಿದ ಸಾಲಕ್ಕೆ ಬಡ್ಡಿ ಬೆಳೆಯುವುದಿಲ್ಲವೆಂಬ ಮಾತನ್ನು ಅರಿತ ಮಲೆನಾಡಿನ ವರ್ತಕ ಸಮುದಾಯ, ಘಟ್ಟದ ಕೆಳಗಿನ ನೆರೆಯವರಿಗೆ ಸಲ್ಲಬೇಕಾದ ಈ ಬಾಕಿಯನ್ನು ತೀರಿಸಲು ಮುಂದಾಗಬೇಕು. ಅದರ ಮೊದಲ ಕಂತಾಗಿ, ಬರುವ ಮಳೆಗಾಲಕ್ಕೆ ಮುನ್ನ ಮೂರು ಸ್ಥಳಗಳ ಅಳತೆಗೆ ಬೇಕಾದ ಹಣವನ್ನಾದರೂ ಕೂಡಿಸುವುದು ನಮ್ಮ ಶಕ್ತಿಗೆ ಮೀರಿದ ಕೆಲಸವಲ್ಲ.